ಫೈಲು ಮುಚ್ಚಿದ ಮೇಲೆ ಮಗು ಎಲ್ಲಿ?

ಒಂದು ಉದಾಹರಣೆ ಹಿಡಿಯೋಣ. ಯಾದಗಿರಿ ಕಡೆಯ ಹನ್ನೊಂದು ವರ್ಷದ ಹುಡುಗ. ಅಪ್ಪ-ಅಮ್ಮ ಕಟ್ಟಡ ಕೆಲಸಕ್ಕೆ ಬೆಂಗಳೂರಿಗೆ ಬಂದಿದ್ದಾರೆ. ಇವನು ಊರಲ್ಲಿ ಅಜ್ಜಿ ಜೊತೆ. ಒಂದು ದಿನ ಯಾರೋ ಬೈದರು, ರೈಲು ಹತ್ತಿಬಿಟ್ಟ. ಈಗ ಬೆಂಗಳೂರಿನ ಪ್ಲಾಟ್‌ಫಾರ್ಮಿನಲ್ಲಿ ರಾತ್ರಿ ಹನ್ನೊಂದು ಗಂಟೆಗೆ ಒಬ್ಬನೇ ಕೂತಿದ್ದಾನೆ. ಅಪ್ಪ ಇದೇ ಊರಲ್ಲಿದ್ದಾನೆ ಅಂತ ಗೊತ್ತು. ಯಾವ ಏರಿಯಾ, ಯಾವ ಮೇಸ್ತ್ರಿ, ಗೊತ್ತಿಲ್ಲ.

ಈ ಹುಡುಗ ನನ್ನ ಕಲ್ಪನೆ. ಆದರೆ ರೈಲ್ವೆ ಪೊಲೀಸರನ್ನೋ ನಿಲ್ದಾಣದ ಮಕ್ಕಳ ಸಹಾಯ ಕೇಂದ್ರದವರನ್ನೋ ಕೇಳಿ ನೋಡಿ, ಇಂಥವರನ್ನು ಅವರು ಎಷ್ಟು ಸಲ ನೋಡಿರುತ್ತಾರೋ ಲೆಕ್ಕವಿಲ್ಲ. ಒಂದು ರಾಜ್ಯ ಮಕ್ಕಳ ಕಲ್ಯಾಣವನ್ನು ಹೇಗೆ ಯೋಜಿಸುತ್ತದೆ, ಹೇಗೆ ಕಾಯುತ್ತದೆ ಅಂತ ತಿಳಿಯೋಕೆ ಇವನ ಹಿಂದೆಯೇ ಹೋಗೋದು ಸುಲಭ. ಯಾಕಂದ್ರೆ ಇನ್ನು ಮುಂದೆ ಇವನ ಪ್ರತಿ ಹೆಜ್ಜೆಗೂ ಒಂದು ಕಾಯ್ದೆ, ಒಂದು ನಮೂನೆ, ಒಂದು ಗಡುವು ಇದೆ.

2015ರ ಬಾಲನ್ಯಾಯ ಕಾಯ್ದೆ ಹೇಳುವುದು ಇಷ್ಟು. ಇಂಥ ಮಗು ಸಿಕ್ಕಿದ 24 ಗಂಟೆಯೊಳಗೆ, ಪ್ರಯಾಣದ ಸಮಯ ಬಿಟ್ಟು, ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಎಲ್ಲರ ಬಾಯಲ್ಲಿ ಅದು ಸಿಡಬ್ಲ್ಯೂಸಿ. ಒಬ್ಬ ಅಧ್ಯಕ್ಷರು, ನಾಲ್ವರು ಸದಸ್ಯರು, ಅವರಲ್ಲಿ ಒಬ್ಬರಾದರೂ ಮಹಿಳೆ. ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರಿಗಿರುವ ಅಧಿಕಾರ ಈ ಪೀಠಕ್ಕೂ ಇದೆ. ತಿಂಗಳಲ್ಲಿ ಕನಿಷ್ಠ 20 ದಿನ ಕೂರಬೇಕು. ಸಮಿತಿ ಹುಡುಗನನ್ನು ಸದ್ಯಕ್ಕೆ ಬಾಲಮಂದಿರಕ್ಕೆ ಕಳಿಸುತ್ತದೆ. ಅವನ ಮನೆ ಪರಿಸ್ಥಿತಿ ಏನು ಅಂತ ನೋಡಿ ಬರೋಕೆ ಆದೇಶ ಮಾಡುತ್ತದೆ. ಆ ಸಾಮಾಜಿಕ ತನಿಖಾ ವರದಿ 15 ದಿನದಲ್ಲಿ ಬರಬೇಕು. ನಾಲ್ಕು ತಿಂಗಳೊಳಗೆ ಅಂತಿಮ ಆದೇಶ ಆಗಬೇಕು.

ಕಾಗದದ ಮೇಲೆ ಇದು ನಿಜಕ್ಕೂ ಒಳ್ಳೆಯ ವ್ಯವಸ್ಥೆ. ವ್ಯಂಗ್ಯ ಅಲ್ಲ, ಗಂಭೀರವಾಗಿಯೇ ಹೇಳುತ್ತಿದ್ದೇನೆ. ಮಗುವನ್ನು ಪೊಲೀಸ್ ಠಾಣೆಯ ಬೆಂಚಿನ ಮೇಲೆ ಮಲಗಿಸುತ್ತಿದ್ದ ಕಾಲದಿಂದ ಇಲ್ಲಿಗೆ ಬಂದಿರುವುದು ಸಣ್ಣ ಮಾತಲ್ಲ.

ತೊಡಕು ಶುರುವಾಗುವುದು ಆ 15 ದಿನದ ವರದಿಯಲ್ಲಿ. ಅದನ್ನು ಬರೆಯಲು ಯಾರಾದರೂ ಯಾದಗಿರಿಯ ಆ ಹಳ್ಳಿಗೆ ಹೋಗಬೇಕು. ಬೆಂಗಳೂರಿನಿಂದ ಅಲ್ಲಿನ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಪತ್ರ ಹೋಗುತ್ತದೆ. ಘಟಕ ಅಂದರೆ ಒಬ್ಬರು ಮಕ್ಕಳ ರಕ್ಷಣಾಧಿಕಾರಿ, ಅವರ ಕೈಕೆಳಗೆ ಸಂಸ್ಥೆಗಳನ್ನು ನೋಡಿಕೊಳ್ಳುವವರೊಬ್ಬರು, ಸಂಸ್ಥೆಯ ಹೊರಗಿನ ಮಕ್ಕಳನ್ನು ನೋಡಿಕೊಳ್ಳುವವರೊಬ್ಬರು, ಕಾನೂನು ನೋಡುವವರು, ಆಪ್ತ ಸಮಾಲೋಚಕರು, ಲೆಕ್ಕಿಗರು, ಡೇಟಾ ತುಂಬುವವರು. ಊರೂರು ಸುತ್ತುವ ಕಾರ್ಯಕರ್ತರು ಬೆರಳೆಣಿಕೆ. ಹೆಚ್ಚಿನವರು ಗುತ್ತಿಗೆ ಮೇಲೆ ಇರುವವರು. ಈ ಅಳತೆಯ ಘಟಕವೇ ಬೆಳಗಾವಿಗೂ ಸಾಕು ಅಂತ ಅಂದುಕೊಳ್ಳಲಾಗಿದೆ. ಅಲ್ಲಿ ಐನೂರರಷ್ಟು ಗ್ರಾಮ ಪಂಚಾಯಿತಿಗಳಿವೆ. ಪುಟ್ಟ ಕೊಡಗಿಗೂ ಹೆಚ್ಚು ಕಡಿಮೆ ಅದೇ ಅಳತೆ. ಜಿಲ್ಲೆಗೊಂದು ಘಟಕ ಅಂತ ದೆಹಲಿಯಲ್ಲಿ ಬರೆದದ್ದು ಇಲ್ಲಿ ಹಾಗೇ ಇಳಿಯುತ್ತದೆ.

ಯೋಜನೆ ಆಗುವುದೇ ಹೀಗೆ. ಈಗ ಇಡೀ ಮಕ್ಕಳ ರಕ್ಷಣೆ ನಿಂತಿರುವುದು ಮಿಷನ್ ವಾತ್ಸಲ್ಯದ ಮೇಲೆ. 2009ರಲ್ಲಿ ಬಂದ ಸಮಗ್ರ ಮಕ್ಕಳ ರಕ್ಷಣಾ ಯೋಜನೆಯ ಈಗಿನ ರೂಪ ಇದು. ಕೇಂದ್ರದ ಪಾಲು 60, ರಾಜ್ಯದ ಪಾಲು 40. ಜಿಲ್ಲೆಗಳಿಂದ ಅಂಕಿ ಬರುತ್ತದೆ, ಬೆಂಗಳೂರಿನಲ್ಲಿ ಒಟ್ಟುಗೂಡುತ್ತದೆ, ವಾರ್ಷಿಕ ಯೋಜನೆಯಾಗಿ ದೆಹಲಿಗೆ ಹೋಗುತ್ತದೆ, ಅಲ್ಲಿನ ಮಂಡಳಿ ಒಪ್ಪುತ್ತದೆ. ಜಿಲ್ಲೆ ಕಳಿಸುವ ಅಂಕಿಗಳನ್ನು ನೋಡಿ: ಎಷ್ಟು ಸಂಸ್ಥೆ, ಎಷ್ಟು ಮಂಜೂರಾದ ಜಾಗ, ಎಷ್ಟು ಮಕ್ಕಳು, ಎಷ್ಟು ಹುದ್ದೆ. ಎಣಿಸಲು ಬರುವುದೆಲ್ಲ ಇದೆ. ಈ ತಾಲ್ಲೂಕಿನಿಂದ ಸುಗ್ಗಿ ಮುಗಿದ ಮೇಲೆ ಎಷ್ಟು ಕುಟುಂಬ ಗುಳೆ ಹೋಗುತ್ತವೆ, ಅವರಲ್ಲಿ ಎಷ್ಟು ಜನ ಮಕ್ಕಳನ್ನು ಅಜ್ಜಿ ಹತ್ರ ಬಿಟ್ಟು ಹೋಗುತ್ತಾರೆ ಅನ್ನೋ ಕಾಲಂ ಇಲ್ಲ. ನಮ್ಮ ಹುಡುಗ ರೈಲು ಹತ್ತಿದ್ದು ಆ ಇಲ್ಲದ ಕಾಲಂನಿಂದ.

ಹಣದ ಲೆಕ್ಕಕ್ಕೂ ಇದೇ ಗುಣ. 2020-21ರ ಬಜೆಟ್ಟಿನಲ್ಲಿ ಕರ್ನಾಟಕ ಮೊದಲ ಸಲ ಮಕ್ಕಳ ಬಜೆಟ್ ಅಂತ ಬೇರೆ ಪುಸ್ತಕ ಮಂಡಿಸಿತು. 279 ಕಾರ್ಯಕ್ರಮ, 36,340 ಕೋಟಿ ರೂಪಾಯಿ. ದೊಡ್ಡ ಮೊತ್ತ, ಅಲ್ವಾ? ಆದರೆ ಇಂಥ ಲೆಕ್ಕದಲ್ಲಿ ಸಿಂಹಪಾಲು ಶಾಲೆಯದು, ಅಂದರೆ ಮೇಷ್ಟ್ರ ಸಂಬಳದ್ದು. ಆಮೇಲೆ ಅಂಗನವಾಡಿ, ಬಿಸಿಯೂಟ, ಹಾಲು. ಅವೆಲ್ಲ ಬೇಡ ಅಂತ ಅಲ್ಲ, ಖಂಡಿತ ಬೇಕು. ಆದರೆ ತಪ್ಪಿಹೋದ, ಹೊಡೆತ ತಿಂದ, ದುಡಿಮೆಗೆ ಬಿದ್ದ ಮಗುವಿನ ರಕ್ಷಣೆಗೆ ಅಂತ ಉಳಿಯುವುದು ಆ ಪುಸ್ತಕದ ಅಂಚಿನಲ್ಲಿ.

ಈಗ ಮೇಲುಸ್ತುವಾರಿಗೆ ಬರೋಣ. ಹುಡುಗ ಬಾಲಮಂದಿರದಲ್ಲಿದ್ದಾನೆ. ಅವನ ಮೇಲೆ ಎಷ್ಟು ಕಣ್ಣಿವೆ ಗೊತ್ತಾ? ಸಂಸ್ಥೆ ಸರ್ಕಾರದ್ದಿರಲಿ, ಖಾಸಗಿಯಿರಲಿ, ನೋಂದಣಿ ಕಡ್ಡಾಯ. ಅದರ ಅವಧಿ ಐದು ವರ್ಷ. ನೋಂದಣಿ ಇಲ್ಲದೆ ನಡೆಸಿದರೆ ಒಂದು ವರ್ಷದವರೆಗೆ ಜೈಲು. ಮೂರು ತಿಂಗಳಿಗೊಮ್ಮೆಯಾದರೂ ತಪಾಸಣಾ ತಂಡ ಬರಬೇಕು, ಅದರಲ್ಲಿ ಒಬ್ಬ ಮಹಿಳೆ, ಒಬ್ಬ ವೈದ್ಯಾಧಿಕಾರಿ ಇರಲೇಬೇಕು. ವರದಿ ಬರೆಯಲು ನಮೂನೆ 46 ಇದೆ. ಸಿಡಬ್ಲ್ಯೂಸಿಯವರು ತಿಂಗಳಿಗೆ ಎರಡು ಸಲ ಮಕ್ಕಳ ಮನೆಗಳಿಗೆ ಭೇಟಿ ಕೊಡಬೇಕು. ಆ ಸಿಡಬ್ಲ್ಯೂಸಿ ಮೇಲೆ ಜಿಲ್ಲಾಧಿಕಾರಿ ಕಣ್ಣು, ಮೂರು ತಿಂಗಳಿಗೊಮ್ಮೆ ಪರಿಶೀಲನೆ. ಎಲ್ಲರ ಮೇಲೆ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ. ಇಷ್ಟು ಕಣ್ಣಿರುವಾಗ ಇನ್ನೇನು ಬೇಕು ಅನಿಸುತ್ತದೆ.

ಹೆಸರು ಬೇಡ, ಒಂದು ಮಕ್ಕಳ ಮನೆಗೆ ಕೆಲವು ವರ್ಷದ ಹಿಂದೆ ಪರಿಚಯದವರೊಬ್ಬರ ಜೊತೆ ನಾನು ಹೋಗಿದ್ದೆ. ಅವತ್ತೇ ತಪಾಸಣೆ ಇತ್ತು. ಗೇಟಿನಲ್ಲೇ ಫಿನಾಯಿಲ್ ವಾಸನೆ. ಮಂಚದ ಮೇಲಿನ ಹೊಸ ಚಾದರಗಳಲ್ಲಿ ಪ್ಯಾಕೆಟ್ಟಿನ ಮಡಿಕೆ ಗೆರೆಗಳು ಇನ್ನೂ ಹಾಗೇ ಇದ್ದವು. ಗೋಡೆಯ ಮೇಲೆ ಊಟದ ಪಟ್ಟಿ, ಮಂಗಳವಾರ ಮೊಟ್ಟೆ. ಮಕ್ಕಳು ಸಾಲಾಗಿ ನಿಂತು 'ನಮಸ್ತೇ ಸರ್' ಅಂದರು. ಬಂದವರು 'ಊಟ ಚೆನ್ನಾಗಿದೆಯಾ ಮಕ್ಕಳಾ?' ಅಂದರು. 'ಚೆನ್ನಾಗಿದೆ ಸರ್' ಅಂತ ಒಂದೇ ರಾಗ. ಕೇಳುವವರ ಬೆನ್ನ ಹಿಂದೆ ವಾರ್ಡನ್ ನಿಂತಿದ್ದರು. ಮಕ್ಕಳು ನೋಡುತ್ತಿದ್ದದ್ದು ಅವರನ್ನು.

ಬಾಗಿಲ ಪಕ್ಕ ಒಂದು ಸಲಹಾ ಪೆಟ್ಟಿಗೆ ಇತ್ತು, ಅಚ್ಚುಕಟ್ಟಾಗಿ ಬಣ್ಣ ಹೊಡೆದದ್ದು. ಬೀಗ ಹಾಕಿತ್ತು. ಕೀ ಎಲ್ಲಿ ಅಂತ ಕೇಳಿದೆ. ವಾರ್ಡನ್ ಸೊಂಟದ ಗೊಂಚಲು ತೆಗೆದು ತೋರಿಸಿದರು, ಪಾಪ, ಜವಾಬ್ದಾರಿಯಿಂದ ಇಟ್ಟುಕೊಂಡಿದ್ದೇನೆ ಅನ್ನೋ ಧಾಟಿಯಲ್ಲಿ. ನಿಯಮದ ಪ್ರಕಾರ ಆ ಕೀ ನಿರ್ವಹಣಾ ಸಮಿತಿಯ ಅಧ್ಯಕ್ಷರ ಹತ್ರ ಇರಬೇಕು. ವಾರಕ್ಕೊಮ್ಮೆ ಮಕ್ಕಳ ಸಮಿತಿಯ ಎದುರೇ ತೆರೆಯಬೇಕು. ತಪಾಸಣೆಯವರು ಪೆಟ್ಟಿಗೆ ಇದೆ ಅಂತ ಟಿಕ್ ಹಾಕಿಕೊಂಡರು. ಇದೆಯಲ್ಲ, ಸುಳ್ಳೇನೂ ಅಲ್ಲ.

ಈ ಟಿಕ್ಕಿಗೂ ನಿಜಕ್ಕೂ ಎಷ್ಟು ದೂರ ಅಂತ ದೇಶಕ್ಕೆ ಗೊತ್ತಾಗಿದ್ದು 2018ರಲ್ಲಿ, ಬಿಹಾರದ ಮುಜಫ್ಫರ್‌ಪುರದಿಂದ. ಅದಕ್ಕೆ ಹಿಂದಿನ ವರ್ಷ, 2017ರ ಮೇ ತಿಂಗಳಲ್ಲಿ, ತಮಿಳುನಾಡಿನ ಅನಾಥಾಲಯಗಳ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಎಲ್ಲ ಮಕ್ಕಳ ಮನೆಗಳನ್ನೂ ನೋಂದಾಯಿಸಿ, ಸಾಮಾಜಿಕ ಪರಿಶೋಧನೆ (ಸೋಶಿಯಲ್ ಆಡಿಟ್) ಮಾಡಿಸಿ ಅಂತ ಹೇಳಿತ್ತು. ಬಿಹಾರ ಸರ್ಕಾರ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ 'ಕೋಶಿಶ್' ತಂಡಕ್ಕೆ ಈ ಪರಿಶೋಧನೆಯ ಕೆಲಸ ಒಪ್ಪಿಸಿತು. ಅವರು ರಾಜ್ಯದ 110 ಸಂಸ್ಥೆಗಳನ್ನು ನೋಡಿದರು. ರಿಜಿಸ್ಟರ್ ಪಕ್ಕಕ್ಕಿಟ್ಟು ಮಕ್ಕಳ ಜೊತೆ ಕೂತು ಮಾತಾಡಿದರು. ಮುಜಫ್ಫರ್‌ಪುರದ ಹೆಣ್ಣುಮಕ್ಕಳ ಮನೆಯಲ್ಲಿ ನಡೆಯುತ್ತಿದ್ದ ಲೈಂಗಿಕ ದೌರ್ಜನ್ಯ ಆಗ ಹೊರಬಿತ್ತು. 2020ರ ಜನವರಿಯಲ್ಲಿ ದೆಹಲಿಯ ನ್ಯಾಯಾಲಯ 19 ಜನರನ್ನು ತಪ್ಪಿತಸ್ಥರು ಅಂತ ಹೇಳಿತು. ಅವರಲ್ಲಿ ಮಕ್ಕಳ ರಕ್ಷಣಾ ಅಧಿಕಾರಿಯೊಬ್ಬರಿದ್ದರು. ಸಿಡಬ್ಲ್ಯೂಸಿಯ ಆಗಿನ ಅಧ್ಯಕ್ಷರೂ ಇದ್ದರು. ಬೇಲಿಯೇ ಎದ್ದು ಹೊಲ ಮೇಯುವುದು ಅಂದರೆ ಇದೇ.

ಎಲ್ಲ ಕಡೆ ಹೀಗೇ ನಡೆಯುತ್ತದೆ ಅಂತ ನಾನು ಹೇಳುತ್ತಿಲ್ಲ. ರಾತ್ರಿ ಎರಡು ಗಂಟೆಗೆ ಎದ್ದು ಜ್ವರ ಬಂದ ಮಗುವನ್ನು ಆಸ್ಪತ್ರೆಗೆ ಹೊತ್ತೊಯ್ಯುವ ಗೃಹಮಾತೆಯರೂ ಇದೇ ವ್ಯವಸ್ಥೆಯಲ್ಲಿದ್ದಾರೆ. ನನ್ನ ಮಾತು ಬೇರೆ. ನಡೆಸುವವರು, ದುಡ್ಡು ಕೊಡುವವರು, ತಪಾಸಣೆ ಮಾಡುವವರು ಮೂವರೂ ಒಂದೇ ಇಲಾಖೆಯ ನೆರಳಲ್ಲಿದ್ದರೆ ಹತ್ತು ಕಣ್ಣಿದ್ದರೂ ಒಂದೇ ಕಣ್ಣು. ಜಿಲ್ಲೆಯ ಮಕ್ಕಳ ರಕ್ಷಣಾಧಿಕಾರಿಯನ್ನೇ ತಗೊಳ್ಳಿ. ಬಾಲಮಂದಿರಕ್ಕೆ ಬೇಕಾದದ್ದು ಒದಗಿಸಬೇಕಾದವರೂ ಅವರೇ, ಅಲ್ಲಿ ಕೊರತೆ ಇದೆ ಅಂತ ಬರೆಯಬೇಕಾದವರಲ್ಲೂ ಅವರೇ. ತನ್ನ ಉತ್ತರಪತ್ರಿಕೆಗೆ ತಾನೇ ಕೆಂಪು ಇಂಕಿನಲ್ಲಿ ತಪ್ಪು ಹಾಕಿಕೊಳ್ಳುವವರು ಎಷ್ಟು ಜನ?

ಹೊರಗಿನ ಕಣ್ಣು ಈಚೆಗೆ ಇನ್ನೂ ಕಡಿಮೆಯಾಗಿದೆ. 1098 ಮಕ್ಕಳ ಸಹಾಯವಾಣಿ ನೆನಪಿರಬಹುದು. 1996ರಲ್ಲಿ ಮುಂಬೈಯಲ್ಲಿ ಶುರುವಾದದ್ದು. ದೇಶದ ತುಂಬ ಸ್ವಯಂಸೇವಾ ಸಂಸ್ಥೆಗಳ ಕೈಯಲ್ಲೇ ಬೆಳೆಯಿತು. 2023ರಲ್ಲಿ ಸರ್ಕಾರ ಅದನ್ನು ತನ್ನ ಕೈಗೆ ತಗೊಂಡು ತುರ್ತು ಸಂಖ್ಯೆ 112ರ ಜೊತೆ ಜೋಡಿಸುವ ಕೆಲಸ ಶುರುಮಾಡಿತು. ಇದರಲ್ಲಿ ಲಾಭವೂ ಇದೆ. ಪೊಲೀಸರು ಬೇಗ ಬರಬಹುದು, ಫೋನು ಎತ್ತದಿದ್ದರೆ ಯಾರನ್ನು ಕೇಳಬೇಕು ಅನ್ನೋದು ಗೊತ್ತಿರುತ್ತದೆ. ಆದರೆ ಸರ್ಕಾರಿ ಮನೆಯಲ್ಲಿರುವ ಮಗು ಅಲ್ಲಿನ ತೊಂದರೆ ಹೇಳಿಕೊಳ್ಳಲು ಫೋನು ಮಾಡಿದರೆ? ಆ ಕಡೆ ಫೋನು ಎತ್ತುವವರೂ ಅದೇ ಇಲಾಖೆಯ ಘಟಕದವರು.

2021ರಲ್ಲಿ ಕಾಯ್ದೆಗೆ ತಿದ್ದುಪಡಿ ಬಂತು. ಜಾರಿಯಾದದ್ದು 2022ರ ಸೆಪ್ಟೆಂಬರ್‌ನಲ್ಲಿ. ಜಿಲ್ಲಾಧಿಕಾರಿಗಳ ಕೈಗೆ ಬಹಳ ಅಧಿಕಾರ ಬಂತು. ದತ್ತು ಆದೇಶ ಮೊದಲು ಕೋರ್ಟು ಕೊಡುತ್ತಿತ್ತು, ಈಗ ಡಿಸಿ ಕೊಡುತ್ತಾರೆ. ಮಕ್ಕಳ ರಕ್ಷಣಾ ಘಟಕವೂ ಅವರ ಉಸ್ತುವಾರಿಯಲ್ಲಿ. ಸಿಡಬ್ಲ್ಯೂಸಿ ಬಗ್ಗೆ ದೂರಿದ್ದರೂ ಅವರ ಬಳಿಯೇ ಹೋಗಬೇಕು. ಇದರ ಬಗ್ಗೆ ನನ್ನ ಮನಸ್ಸು ಎರಡು ಕಡೆ ಎಳೆಯುತ್ತದೆ. ಒಂದು ಮಗುವಿನ ತೊಂದರೆ ಬಿಡಿಸಲು ರೇಷನ್ ಕಾರ್ಡು, ಶಾಲೆ ದಾಖಲಾತಿ, ವಿಧವಾ ವೇತನ, ಆಧಾರ್ ಎಲ್ಲ ಒಟ್ಟಿಗೆ ಸರಿಹೋಗಬೇಕು. ಆ ಇಲಾಖೆಗಳನ್ನೆಲ್ಲ ಒಂದು ಮೇಜಿನ ಸುತ್ತ ಕೂರಿಸಬಲ್ಲವರು ಜಿಲ್ಲೆಯಲ್ಲಿ ಡಿಸಿ ಒಬ್ಬರೇ. ಆದರೆ ಅವರ ಮೇಜು ನೋಡಿದ್ದೀರಾ? ಬರ, ನೆರೆ, ಚುನಾವಣೆ, ಭೂಸ್ವಾಧೀನ, ಮಂತ್ರಿಗಳ ಪ್ರವಾಸ. ಎಲ್ಲ ಇಲಾಖೆಗಳ ಪ್ರಗತಿ ನೋಡುವ ಜಿಲ್ಲಾ ಮಟ್ಟದ ಕೆಡಿಪಿ ಸಭೆಯಲ್ಲಿ ಮಹಿಳಾ ಮತ್ತು ಮಕ್ಕಳ ಇಲಾಖೆಯ ಸರದಿ ಬರುವಷ್ಟರಲ್ಲಿ ಊಟದ ಹೊತ್ತಾಗಿರುತ್ತದೆ. ಉಪನಿರ್ದೇಶಕರು ಎದ್ದು ನಿಂತು ಅಂಗನವಾಡಿ ಕಟ್ಟಡ ಎಷ್ಟು ಮುಗಿದವು ಅಂತ ಓದುತ್ತಾರೆ. ಮುಂದಿನ ಇಲಾಖೆ ಬನ್ನಿ.

ಇಲಾಖೆಗಳ ಮಾತು ಬಂದಾಗ ಬಾಲ್ಯವಿವಾಹ ನೆನಪಾಗುತ್ತದೆ. ಈ ವಿಷಯದಲ್ಲಿ ಕರ್ನಾಟಕದ ಕಾನೂನು ಬಿಗಿಯೇ. ರಾಜ್ಯದ ತಿದ್ದುಪಡಿ ಪ್ರಕಾರ ಬಾಲ್ಯವಿವಾಹ ನಡೆದರೂ ಅದು ಮೊದಲಿಂದಲೇ ಅಸಿಂಧು. ತಡೆಯುವ ಅಧಿಕಾರಿಗಳ ಪಟ್ಟಿಯೂ ಉದ್ದ. ತಹಶೀಲ್ದಾರರು, ಸಿಡಿಪಿಒ ಅಂದರೆ ಶಿಶು ಅಭಿವೃದ್ಧಿ ಯೋಜನಾಧಿಕಾರಿ, ಪಿಡಿಒ ಅಂದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ, ಮುಖ್ಯೋಪಾಧ್ಯಾಯರು, ಹೀಗೆ. ಆದರೂ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಏನು ಹೇಳುತ್ತದೆ? 20ರಿಂದ 24ರ ವಯಸ್ಸಿನ ಹೆಣ್ಣುಮಕ್ಕಳಲ್ಲಿ 18 ತುಂಬುವ ಮುನ್ನವೇ ಮದುವೆಯಾದವರು 2015-16ರಲ್ಲಿ ಶೇ 21.4. ನಾಲ್ಕು ವರ್ಷದ ಮೇಲೆ ಶೇ 21.3. ಅಲುಗಾಡಿಲ್ಲ. ಮದುವೆ ಸುದ್ದಿ ತಿಳಿದ ಮೇಷ್ಟ್ರು ಪಿಡಿಒಗೆ ಹೇಳುತ್ತಾರೆ, ಪಿಡಿಒ ಸಿಡಿಪಿಒಗೆ, ಅವರು ಪೊಲೀಸರಿಗೆ. ಅಷ್ಟರಲ್ಲಿ ಪಕ್ಕದ ಊರಿನ ದೇವಸ್ಥಾನದಲ್ಲಿ ತಾಳಿ ಬಿದ್ದಿರುತ್ತದೆ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು ಅಂತಾರಲ್ಲ, ಇಲ್ಲಿ ಜಗಳವೂ ಇಲ್ಲ, ಕಾಗದ ದಾಟಿಸುವುದರಲ್ಲೇ ಕೂಸು ಬಡವಾಗುತ್ತದೆ.

ಇದಕ್ಕೆ ಹೋಲಿಸಿದರೆ ಅಂಗನವಾಡಿ ಗಟ್ಟಿ. ದೇಶದಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಶುರುವಾದ 1975ರ ಅಕ್ಟೋಬರ್ 2ರಂದೇ ಕರ್ನಾಟಕದಲ್ಲಿ ಟಿ. ನರಸೀಪುರದಲ್ಲಿ ಅದು ಕಾಲಿಟ್ಟಿತು. ಈಗ ರಾಜ್ಯದಲ್ಲಿ 60 ಸಾವಿರಕ್ಕೂ ಹೆಚ್ಚು ಕೇಂದ್ರಗಳಿವೆ. ಯಾವ ಮನೆಯ ಸೊಸೆ ಬಸುರಿ, ಯಾವ ಮಗು ತೂಕ ಇಳಿದಿದೆ, ಯಾರ ಗಂಡ ಕುಡಿದು ಬಂದು ಹೊಡೆಯುತ್ತಾನೆ, ಎಲ್ಲ ಅಂಗನವಾಡಿ ಟೀಚರಿಗೆ ಗೊತ್ತು. ರಾಜ್ಯಕ್ಕೆ ಇರುವ ಅತಿ ಒಳ್ಳೆ ಕಣ್ಣು ಅದು. ಆದರೆ ಆ ಕಣ್ಣು ಈಗ ಜಾಸ್ತಿ ಹೊತ್ತು ಮೊಬೈಲ್ ಪರದೆ ಮೇಲೆ. 2021ರಲ್ಲಿ ಪೋಷಣ್ ಟ್ರ್ಯಾಕರ್ ಅನ್ನೋ ಆ್ಯಪ್ ಬಂತು. ಎತ್ತರ, ತೂಕ, ಹಾಜರಿ, ಫಲಾನುಭವಿಯ ಮುಖದ ಫೋಟೋ. ನೆಟ್‌ವರ್ಕ್ ಸಿಗದ ಊರಲ್ಲಿ ಫೋನು ಮೇಲೆತ್ತಿಕೊಂಡು ಓಡಾಡಬೇಕು. ಆ ಆ್ಯಪಿನಲ್ಲಿ ಮಗುವಿನ ತೂಕಕ್ಕೆ ಜಾಗ ಇದೆ. 'ಇವರ ಮನೆಯಲ್ಲಿ ದೊಡ್ಡವಳ ಮದುವೆ ಮಾತುಕತೆ ನಡೀತಿದೆ' ಅಂತ ಬರೆಯೋಕೆ ಜಾಗ ಇಲ್ಲ.

ಸರಿ, ಹುಡುಗನ ಹತ್ರ ವಾಪಸ್ ಹೋಗೋಣ. ಸಿಡಬ್ಲ್ಯೂಸಿ ಅವನನ್ನು ಏನು ಮಾಡಬೇಕು? ಕಾಯ್ದೆಯ ಮಾತು ಸ್ಪಷ್ಟ: ಸಂಸ್ಥೆ ಕೊನೆಯ ದಾರಿ. ಕುಟುಂಬವೇ ಮೊದಲು. ಕುಟುಂಬದ ಕೈ ಸೋತಿದ್ದರೆ ಅದಕ್ಕೆ ಆಸರೆ ಕೊಡಿ. ಅದಕ್ಕೆಂದೇ ಪ್ರಾಯೋಜಕತ್ವ ಯೋಜನೆ ಇದೆ. ಮಗುವಿಗೆ ತಿಂಗಳಿಗೆ 4,000 ರೂಪಾಯಿ. ಮಿಷನ್ ವಾತ್ಸಲ್ಯದಲ್ಲಿ ನನಗೆ ಅತಿ ಇಷ್ಟವಾದ ಭಾಗ ಇದು. ಕೋವಿಡ್ ಹೊತ್ತಿನಲ್ಲಿ ಅಪ್ಪ-ಅಮ್ಮ ಇಬ್ಬರನ್ನೂ ಕಳೆದುಕೊಂಡ ಮಕ್ಕಳಿಗೆ ರಾಜ್ಯ ಸರ್ಕಾರ 'ಬಾಲ ಸೇವಾ' ಹೆಸರಲ್ಲಿ ತಿಂಗಳಿಗೆ 3,500 ರೂಪಾಯಿ ಘೋಷಿಸಿದ್ದೂ ಇದೇ ದಾರಿಯಲ್ಲಿ: ಮಗು ನೆಂಟರ ಮನೆಯಲ್ಲೇ ಬೆಳೆಯಲಿ, ದುಡ್ಡು ಅಲ್ಲಿಗೇ ಹೋಗಲಿ.

ಈಗ ಪ್ರಾಯೋಜಕತ್ವದ ಆದಾಯ ಮಿತಿ ನೋಡಿ. ಹಳ್ಳಿಯಲ್ಲಿ ಕುಟುಂಬದ ವರ್ಷದ ವರಮಾನ 72,000 ದಾಟಬಾರದು, ಬೇರೆ ಕಡೆ 96,000. ಹಳ್ಳಿಯ ಲೆಕ್ಕ ಬಿಡಿಸಿದರೆ ದಿನಕ್ಕೆ ಹತ್ತಿರ ಹತ್ತಿರ 200 ರೂಪಾಯಿ. 2025-26ರಲ್ಲಿ ಕರ್ನಾಟಕದಲ್ಲಿ ನರೇಗಾದ ದಿನಗೂಲಿಯೇ 370 ರೂಪಾಯಿ. ಆ ದರದಲ್ಲಿ ಒಬ್ಬರೇ ವರ್ಷಕ್ಕೆ 195 ದಿನ ದುಡಿದರೂ ಮಿತಿ ಮೀರಿತು. ನಮ್ಮ ಹುಡುಗನ ಅಪ್ಪ ಬೆಂಗಳೂರಿನಲ್ಲಿ ಗಾರೆ ಕೆಲಸ ಮಾಡುವವನು. ಅವನ ನಿಜವಾದ ಕೂಲಿ ಬರೆದರೆ ಮಗ ಯೋಜನೆಯಿಂದ ಹೊರಗೆ. ಸುಳ್ಳು ಆದಾಯ ಪ್ರಮಾಣಪತ್ರ ತಂದರೆ ಒಳಗೆ. ಬಡವನನ್ನು ಸುಮ್ನೆ ಸುಳ್ಳುಗಾರನನ್ನಾಗಿ ಮಾಡುವ ಇಂಥ ಮಿತಿಗಳನ್ನು ಯಾರು ಕೂತು ಬರೆಯುತ್ತಾರೋ!

ಆಮೇಲೆ ಆ 4,000 ಎಷ್ಟು ಮಕ್ಕಳಿಗೆ ಅನ್ನುವುದನ್ನೂ ಆ ವರ್ಷ ಮಂಜೂರಾದ ಹಣ ತೀರ್ಮಾನಿಸುತ್ತದೆ. ಬಾಲಮಂದಿರ ಹಾಗಲ್ಲ. ಅದು ಕಟ್ಟಡ, ಇದ್ದೇ ಇರುತ್ತದೆ. ಅಡುಗೆಯವರು, ಕಾವಲುಗಾರರು, ವಿದ್ಯುತ್ ಬಿಲ್ಲು ಎಲ್ಲಕ್ಕೂ ಲೆಕ್ಕದ ತಲೆಬರಹ ಇದೆ. ಹೀಗಾಗಿ ಕಾಯ್ದೆ ಕುಟುಂಬ ಮೊದಲು ಅನ್ನುತ್ತದೆ, ವ್ಯವಸ್ಥೆಯ ಕಾಲು ಕಟ್ಟಡದ ಕಡೆಗೇ ಎಳೆಯುತ್ತದೆ. ಮೇಲುಸ್ತುವಾರಿಯೂ ಅಷ್ಟೇ. ನಾಲ್ಕು ಗೋಡೆ ಇದ್ದರೆ ತಪಾಸಣೆ ಸುಲಭ. ನಮೂನೆ 46ರಲ್ಲಿ ಎಷ್ಟು ಕಕ್ಕಸು, ಎಷ್ಟು ಮಂಚ ಅಂತ ತುಂಬಬಹುದು. ಅಜ್ಜಿ ಮನೆಗೆ ಯಾವ ನಮೂನೆ?

ಹಳ್ಳಿಯಲ್ಲಿ ಕಣ್ಣಿಡಲು ಯಾರೂ ಇಲ್ಲ ಅಂತ ಅಲ್ಲ. ಪಂಚಾಯಿತಿ ಮಟ್ಟದಲ್ಲಿ ಮಕ್ಕಳ ರಕ್ಷಣಾ ಸಮಿತಿ ಇರಬೇಕು. ಕರ್ನಾಟಕದಲ್ಲಿ ಇನ್ನೊಂದು ಅಪರೂಪದ ಪದ್ಧತಿ ಇದೆ, ಮಕ್ಕಳ ಗ್ರಾಮ ಸಭೆ. ನವೆಂಬರ್ 14ರ ಆಸುಪಾಸಿನಲ್ಲಿ ಪಂಚಾಯಿತಿಯವರು ಮಕ್ಕಳನ್ನು ಕೂರಿಸಿಕೊಂಡು ಅವರ ಮಾತು ಕೇಳಬೇಕು. ನಾನು ಕೂತಿದ್ದ ಒಂದು ಸಭೆಯಲ್ಲಿ ಏಳನೇ ಕ್ಲಾಸಿನ ಹುಡುಗಿ ಎದ್ದು ನಿಂತಳು. ಶಾಲೆಗೆ ಬರೋ ದಾರಿಯಲ್ಲಿ ಬೆಳಗ್ಗೆಯೇ ಕುಡಿದವರು ಕೂತಿರ್ತಾರೆ, ನಾವು ಗದ್ದೆ ಬದು ಮೇಲೆ ಸುತ್ತಿ ಬರ್ತೀವಿ ಅಂದಳು. ಅಧ್ಯಕ್ಷರು ತಲೆಯಾಡಿಸಿದರು. ಕಾರ್ಯದರ್ಶಿ ಬರೆದುಕೊಂಡರು. ಆಮೇಲೆ ಶೌಚಾಲಯ, ಕಾಂಪೌಂಡು, ಆಟದ ಸಾಮಾನು ಅಂತ ಬೇಡಿಕೆ ಬಂದವು, ಅವನ್ನೂ ಬರೆದುಕೊಂಡರು. ಕೊನೆಗೆ ಬಿಸ್ಕತ್ತು, ಗುಂಪು ಫೋಟೋ. ಆಚೆ ಬಂದ ಮೇಲೆ ನಡವಳಿ ಪುಸ್ತಕದ ಹಿಂದಿನ ವರ್ಷದ ಪುಟ ತೋರಿಸಿ ಅಂದೆ. ಶೌಚಾಲಯ, ಕಾಂಪೌಂಡು ಅಲ್ಲೂ ಇದ್ದವು. ಕ್ರಮ ಕೈಗೊಂಡ ವಿವರ ಅನ್ನೋ ಕಾಲಂ ಖಾಲಿ. ದಾರಿಯ ಕುಡುಕರ ವಿಷಯ ಮಾತ್ರ ಆ ವರ್ಷ ಹೊಸದು. ಅದನ್ನು 'ರಸ್ತೆ ಸಮಸ್ಯೆ' ಅಂತ ಬರೆದಿದ್ದರು.

ಆ ಒಂದು ಕಾಲಂ ಸಾಕು ಅನಿಸುತ್ತದೆ ನನಗೆ. ಹೊಸ ಯೋಜನೆ, ಹೊಸ ಪೋರ್ಟಲ್ ಬೇಡ. ಮಕ್ಕಳು ಹೇಳಿದ್ದು ಏನಾಯಿತು ಅಂತ ಆರು ತಿಂಗಳಿಗೆ ಅದೇ ಮಕ್ಕಳ ಮುಂದೆ ಓದಿ ಹೇಳಬೇಕು ಅಂತ ಒಂದು ಆದೇಶ, ಮತ್ತೆ ಅದನ್ನು ನೋಡಲು ಇಲಾಖೆಯ ಹೊರಗಿನ ಒಬ್ಬರು. ಬಾಲಮಂದಿರಕ್ಕೂ ಇದೇ. ತಪಾಸಣಾ ತಂಡದಲ್ಲಿ ಆ ಜಿಲ್ಲೆಯಲ್ಲಿ ಕೆಲಸ ಮಾಡದವರು ಒಬ್ಬರಿರಲಿ, ಮಕ್ಕಳನ್ನು ವಾರ್ಡನ್ ಇಲ್ಲದ ಕೋಣೆಯಲ್ಲಿ ಮಾತಾಡಿಸಲಿ. ಖರ್ಚೇನೂ ಇಲ್ಲ.

ನಮ್ಮ ಹುಡುಗನ ಕತೆಗೆ ಬಂದರೆ, ಅಂದುಕೊಳ್ಳೋಣ, ಎಲ್ಲ ಚೆನ್ನಾಗಿಯೇ ಆಯಿತು. ಅಪ್ಪ ಸಿಕ್ಕಿದ. ಸಿಡಬ್ಲ್ಯೂಸಿ ಮುಂದೆ ಮುಚ್ಚಳಿಕೆ ಬರೆದುಕೊಟ್ಟ. ಹುಡುಗನನ್ನು ಊರಿಗೆ ಬಿಟ್ಟುಬಂದರು. ಪ್ರತಿ ಮಗುವಿಗೂ ವೈಯಕ್ತಿಕ ಆರೈಕೆ ಯೋಜನೆ ಅಂತ ನಮೂನೆ 7 ತುಂಬಬೇಕು. ಅದಕ್ಕೆ ನಾಲ್ಕು ಭಾಗ. ಮೊದಲನೆಯದು ಮಗುವಿನ ವಿವರ, ಎರಡನೆಯದು ಪ್ರಗತಿ, ಮೂರನೆಯದು ಬಿಡುಗಡೆಗೆ ಮುಂಚಿನ ವರದಿ. ಇವು ಮೂರೂ ಬಾಲಮಂದಿರದ ಮೇಜಿನ ಮೇಲೆ ಕೂತು ತುಂಬಬಹುದಾದವು. ನಾಲ್ಕನೆಯದು ಮಗು ಮನೆ ಸೇರಿದ ಮೇಲಿನ ವರದಿ. ಶಾಲೆಗೆ ಹೋಗ್ತಿದ್ದಾನಾ, ಮನೆಯವರು ಹೇಗೆ ನೋಡಿಕೊಳ್ತಿದ್ದಾರೆ, ಅವನಿಗೇನು ಅನಿಸುತ್ತದೆ. ಅದನ್ನು ತುಂಬಬೇಕೆಂದರೆ ಯಾರಾದರೂ ಬಸ್ಸು ಹತ್ತಿ, ಇಳಿದು, ಅಜ್ಜಿ ಮನೆಯ ಬಾಗಿಲು ತಟ್ಟಬೇಕು. ಅಪ್ಪ-ಅಮ್ಮ ಮತ್ತೆ ಬೆಂಗಳೂರಿಗೆ ಹೋಗಿರುತ್ತಾರೆ. ಸುಗ್ಗಿ ಮುಗಿದಿದೆ.